ಕೋವಿಡ್‌ನಲ್ಲಿ ಹೊಟ್ಟೆ ಕೆಟ್ಟರೆ ಮೊದಲು ದಿನ ಎಣಿಸಿ

ಕೋವಿಡ್ ರೋಗಿಗೆ ಭೇದಿ ಏಕೆ ಆಗುತ್ತದೆ ಎಂದು ಕೇಳಿದರೆ ವೈದ್ಯ ವಿದ್ಯಾರ್ಥಿಗಳ ಹೆಚ್ಚಿನ ನೋಟ್ಸುಗಳಲ್ಲಿ ‘ಕರುಳಿನಲ್ಲೂ ಎಸಿಇ-2 ಇದೆ’ ಎಂಬ ಒಂದೇ ಸಾಲು ಸಿಗುತ್ತದೆ. ಎಸಿಇ-2 ಎಂದರೆ ವೈರಸ್ ಕೋಶದೊಳಗೆ ನುಗ್ಗಲು ಹಿಡಿದುಕೊಳ್ಳುವ ಪ್ರೋಟೀನು. ಉತ್ತರ ಸರಿ, ಆದರೆ ವಾರ್ಡಿನಲ್ಲಿ ಅದೊಂದರಿಂದ ಕೆಲಸ ಸಾಗದು. ಹೊಟ್ಟೆ ಕೆಡಿಸಿದ್ದು ವೈರಸ್ಸೇ ಇರಬಹುದು, ಕೊಟ್ಟ ಮಾತ್ರೆ ಇರಬಹುದು, ಕರುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪೂ ಇರಬಹುದು. ಜ್ವರ ಬಂದ ಎಷ್ಟನೇ ದಿನಕ್ಕೆ ತೊಂದರೆ ಶುರುವಾಯಿತು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲ ವಾರ

ಈ ಹಂತದಲ್ಲಿ ವೈರಸ್ಸನ್ನೇ ಮೊದಲು ಶಂಕಿಸಬೇಕು. 2020ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪತ್ತೆಯಾದ ಆ ದೇಶದ ಮೊದಲ ರೋಗಿಗೂ ಕೆಮ್ಮು, ಜ್ವರದ ಜೊತೆ ವಾಕರಿಕೆ, ವಾಂತಿ ಇತ್ತು. ಆಮೇಲೆ ಭೇದಿಯಾಯಿತು, ಮಲದ ಪಿಸಿಆರ್ ಪಾಸಿಟಿವ್ ಬಂತು.

ಸಣ್ಣಕರುಳಿನ ಒಳಗೋಡೆಯ ಎಂಟರೊಸೈಟ್ ಕೋಶಗಳ ಮೇಲಂಚಿನಲ್ಲಿ ಎಸಿಇ-2 ಶ್ವಾಸಕೋಶದಲ್ಲಿರುವುದಕ್ಕಿಂತ ದಟ್ಟವಾಗಿದೆ. ವೈರಸ್ಸಿನ ಮೇಲೆ ಮುಳ್ಳಿನಂತಿರುವ ಸ್ಪೈಕ್ ಪ್ರೋಟೀನನ್ನು ಕತ್ತರಿಸಿ ದಾರಿ ಮಾಡಿಕೊಡುವ ಟಿಎಂಪಿಆರ್‌ಎಸ್‌ಎಸ್-2 ಕಿಣ್ವವೂ ಅಲ್ಲೇ ಇದೆ. ಆದರೆ ವೈರಸ್ ಅಲ್ಲಿಯವರೆಗೆ ತಲುಪುವುದೇ ಕಷ್ಟ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಖಾಲಿ ಹೊಟ್ಟೆಯ ಆಮ್ಲ (ಪಿಎಚ್ 1ರಿಂದ 2) ಅದನ್ನು ಕೆಡಿಸುತ್ತದೆ. ನುಂಗಿದ ಕಫದ ಲೋಳೆಯೊಳಗೆ ಅಡಗಿದ್ದರೆ, ಇಲ್ಲವೇ ಊಟದಿಂದ ಆಮ್ಲ ತೆಳುವಾಗಿದ್ದರೆ, ಸ್ವಲ್ಪ ಪಾಲು ದಾಟಿಹೋಗಬಹುದು. ಹೊದಿಕೆಯೇ ಇಲ್ಲದ ನೊರೊವೈರಸ್ಸಿಗೆ ಈ ತಾಪತ್ರಯವಿಲ್ಲ, ಅದಕ್ಕೇ ಅದು ಅಪ್ಪಟ ಕರುಳಿನ ರೋಗ.

ಮುಂದಿನದು ಪರೀಕ್ಷೆಯ ಉತ್ತರಗಳಲ್ಲಿ ಬಿಟ್ಟುಹೋಗುವ ಭಾಗ. ಎಸಿಇ-2ಗೆ ಕರುಳಿನಲ್ಲಿ ಇನ್ನೊಂದು ಕೆಲಸವಿದೆ. ಟ್ರಿಪ್ಟೊಫಾನ್‌ನಂಥ ಅಮೈನೊ ಆಮ್ಲಗಳನ್ನು ಒಳಗೆ ಸಾಗಿಸುವ ಪ್ರೋಟೀನೊಂದು ಎಸಿಇ-2ರ ಆಸರೆಯಿಲ್ಲದೆ ಕೋಶದ ಮೇಲೆ ನಿಲ್ಲುವುದಿಲ್ಲ. ಎಸಿಇ-2 ಇಲ್ಲದ ಇಲಿಗಳಲ್ಲಿ ಟ್ರಿಪ್ಟೊಫಾನ್ ಇಳಿದು, ಕರುಳು ಸ್ರವಿಸುವ ಬ್ಯಾಕ್ಟೀರಿಯಾ-ನಿರೋಧಕ ಪೆಪ್ಟೈಡುಗಳು ತಗ್ಗಿ, ದೊಡ್ಡಕರುಳಿನ ಉರಿಯೂತ ಹೆಚ್ಚಾದದ್ದು 2012ರಲ್ಲೇ ತಿಳಿದಿತ್ತು. ಕೋವಿಡ್ ರೋಗಿಗಳ ಕರುಳಿನಲ್ಲಿ ಬ್ಯುಟಿರೇಟ್ (ಕರುಳಿನ ಒಳಪದರವನ್ನು ಪೋಷಿಸುವ ಕೊಬ್ಬಿನಾಮ್ಲ) ತಯಾರಿಸುವ ಬ್ಯಾಕ್ಟೀರಿಯಾ ಕಡಿಮೆಯಾಗುವುದೂ ಕಂಡಿದೆ. ಆದರೆ ಇಲಿಯಲ್ಲಿ ಕಂಡದ್ದನ್ನೇ ಮನುಷ್ಯರ ಭೇದಿಗೆ ಪೂರ್ತಿ ವಿವರಣೆ ಎಂದು ಬರೆಯಬೇಡಿ.

ರೋಗಿಗಳ ಕರುಳಿನ ಬಯಾಪ್ಸಿಯಲ್ಲಿ ಒಳಪದರ ಬಹುಪಾಲು ಹಾಗೆಯೇ ಇದ್ದು, ಅದರಡಿ ಬಾವು ಮತ್ತು ಲಿಂಫೊಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣ) ತುಂಬಿದ್ದು ಕಂಡಿದೆ. ಹಾಗಾಗಿ ಭೇದಿ ಸಾಮಾನ್ಯವಾಗಿ ನೀರಾಗಿ, ರಕ್ತವಿಲ್ಲದೆ, ಕೆಲವೇ ದಿನ ಇರುತ್ತದೆ. ರಕ್ತ ಕಂಡರೆ ಕೋವಿಡ್ ಮೇಲೆ ಹಾಕಿ ಸುಮ್ಮನಾಗದೆ ಬೇರೆ ಕಾರಣ ಹುಡುಕಬೇಕು.

ಗಂಟಲಿನ ಪಿಸಿಆರ್ ನೆಗೆಟಿವ್ ಆದಮೇಲೂ ಮಲದಲ್ಲಿ ಆರ್‌ಎನ್‌ಎ ವಾರಗಟ್ಟಲೆ ಸಿಗಬಹುದು. ಇದರಿಂದಲೇ ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಒಳಚರಂಡಿ ನೀರಿನಿಂದ ಸೋಂಕಿನ ಏರಿಳಿತ ಅಳೆಯಲು ಸಾಧ್ಯವಾಯಿತು. ಆದರೆ ಮಲದಿಂದ ಜೀವಂತ ವೈರಸ್ ಬೆಳೆಸಲು ಸಿಕ್ಕಿದ್ದು ಅಪರೂಪ.

ಇನ್‌ಫ್ಲುಯೆಂಜಾದ (ಫ್ಲೂ) ಸೋಂಕು ಕರುಳು ಕೆಡಿಸುವ ದಾರಿ ಬೇರೆ. ಶ್ವಾಸಕೋಶಕ್ಕೆ ಮಾತ್ರ ಸೋಂಕು ತಗುಲಿಸಿದ ಇಲಿಗಳಲ್ಲಿ, ಕರುಳಿನಲ್ಲಿ ವೈರಸ್ ಇಲ್ಲದಿದ್ದರೂ ಹಾನಿಯಾಯಿತು. ಶ್ವಾಸಕೋಶದಿಂದ ಹೊರಟ ರೋಗನಿರೋಧಕ ಟಿ ಕೋಶಗಳು ಕರುಳು ಸೇರಿ ಅಲ್ಲಿನ ಬ್ಯಾಕ್ಟೀರಿಯಾದ ಸಮತೋಲ ಕೆಡಿಸಿದ್ದವು. ಆ್ಯಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ತೆಗೆದಾಗ ಹಾನಿ ತಗ್ಗಿತು.

ಮಾತ್ರೆ ಶುರುವಾದ ಮೇಲೆ

ಔಷಧ ಚೀಟಿಯನ್ನು ದಿನಾಂಕದ ಜೊತೆ ಓದಿ. ಅಜಿಥ್ರೊಮೈಸಿನ್ ಮೋಟಿಲಿನ್ (ಕರುಳನ್ನು ಅಲುಗಿಸುವ ಹಾರ್ಮೋನ್) ಗ್ರಾಹಕವನ್ನು ಕೆರಳಿಸಿ ಹೊಟ್ಟೆ ನುಲಿಸುತ್ತದೆ. ಅಮಾಕ್ಸಿಸಿಲಿನ್ ಜೊತೆಗಿರುವ ಕ್ಲಾವುಲನೇಟ್ ಭೇದಿಗೆ ಹೆಸರುವಾಸಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ವಾಂತಿ ತರಿಸುತ್ತದೆ, ಊಟದ ಜೊತೆ ಕೊಟ್ಟರೆ ಕಡಿಮೆ. 2020ರಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಅಜಿಥ್ರೊಮೈಸಿನ್ ಒಟ್ಟಿಗೆ ಕೊಡುತ್ತಿದ್ದಾಗಿನ ಅಪಾಯ ನೆನಪಿಡಿ: ಭೇದಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಯುತ್ತದೆ, ಎರಡು ಔಷಧಗಳೂ ಇಸಿಜಿಯ ಕ್ಯೂಟಿ ಅವಧಿಯನ್ನು (ಹೃದಯ ಮುಂದಿನ ಬಡಿತಕ್ಕೆ ಮತ್ತೆ ಸಜ್ಜಾಗುವ ಸಮಯ) ಉದ್ದ ಮಾಡುತ್ತವೆ, ಹೃದಯದ ಲಯ ತಪ್ಪಬಹುದು. ಆ್ಯಂಟಿಬಯಾಟಿಕ್ ಪಡೆದವರಿಗೆ ದಿನಕ್ಕೆ ಮೂರು ಅಥವಾ ಹೆಚ್ಚು ಸಲ ಭೇದಿಯಾದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಆ್ಯಂಟಿಬಯಾಟಿಕ್ ನಂತರ ಕರುಳಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ) ಪರೀಕ್ಷೆ ಕಳಿಸಿ; ಬಿಳಿ ರಕ್ತಕಣವೂ ಏರಿದ್ದರೆ ಶಂಕೆ ಇನ್ನೂ ಹೆಚ್ಚು.

ಎರಡನೇ ವಾರ, ಆಮೇಲೆ

ಇಲ್ಲಿ ಹೊಟ್ಟೆನೋವು ಹಗುರದ ಮಾತಲ್ಲ. ಆಮ್ಲಜನಕ ಕಡಿಮೆಯಿರುವ, ಡಿ-ಡೈಮರ್ (ರಕ್ತ ಹೆಪ್ಪುಗಟ್ಟುತ್ತಿರುವುದರ ಸೂಚಕ) ಏರಿದ ರೋಗಿ ನೋವಿನಿಂದ ಹೊರಳಾಡುತ್ತಿದ್ದು, ಕೈಯಿಟ್ಟು ನೋಡಿದರೆ ಹೊಟ್ಟೆ ಮೆತ್ತಗಿದ್ದರೆ, ಕರುಳಿನ ರಕ್ತನಾಳ ಮುಚ್ಚಿದೆ ಎಂದೇ ಮೊದಲು ಯೋಚಿಸಬೇಕು. ಲ್ಯಾಕ್ಟೇಟ್ (ಅಂಗಾಂಶಕ್ಕೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ವಸ್ತು) ತಡವಾಗಿ ಏರುತ್ತದೆ, ಅದಕ್ಕೆ ಕಾಯದೆ ರಕ್ತನಾಳ ತೋರಿಸುವ ಸಿಟಿ ಆಂಜಿಯೋಗ್ರಾಂ ಮಾಡಿಸಿ. ನ್ಯುಮೋನಿಯಾ ಶ್ವಾಸಕೋಶದ ಬುಡದಲ್ಲಿದ್ದರೂ ಪಕ್ಕೆಲುಬಿನ ಕೆಳನರಗಳ ಮೂಲಕ ನೋವು ಹೊಟ್ಟೆಯಲ್ಲಿ ಕಾಣಿಸಿಕೊಳ್ಳಬಹುದು.

ಎಎಸ್‌ಟಿ, ಎಎಲ್‌ಟಿ (ಯಕೃತ್ತಿನ ಕಿಣ್ವಗಳು) ಸ್ವಲ್ಪ ಏರುವುದು ಸಾಮಾನ್ಯ. ಎಎಸ್‌ಟಿ ಸ್ನಾಯುವಿನಿಂದಲೂ ಬರುವುದರಿಂದ ಸಿಕೆ (ಸ್ನಾಯುವಿನ ಕಿಣ್ವ) ಜೊತೆಗಿಟ್ಟು ನೋಡಿ. ಬಿಲಿರುಬಿನ್ ಜಾಸ್ತಿಯಿದ್ದರೆ ಬೇರೆ ಕಾರಣ ಹುಡುಕಿ.

ಸ್ಟೀರಾಯ್ಡ್ ಔಷಧ ಡೆಕ್ಸಾಮೆಥಸೋನ್ (ದಿನಕ್ಕೆ 6 ಮಿಗ್ರಾಂ, 10 ದಿನದವರೆಗೆ) ಬರಿಗಾಲಲ್ಲಿ ಹೊಲ-ಗದ್ದೆಯಲ್ಲಿ ದುಡಿಯುವವರಲ್ಲಿ ಮೊದಲೇ ಅಡಗಿರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳುವನ್ನು ಮೈತುಂಬ ಹಬ್ಬಿಸಬಲ್ಲದು. ಉರಿಯೂತ ತಗ್ಗಿಸುವ ಟೋಸಿಲಿಜುಮಾಬ್ ಕೊಟ್ಟವರಲ್ಲಿ ಕರುಳು ತೂತಾದರೂ ಜ್ವರ, ಉರಿಯೂತದ ಸೂಚಕವಾದ ಸಿಆರ್‌ಪಿ ಏರದೇ ಇರಬಹುದು.

ಸೋಂಕಾಗಿ 2ರಿಂದ 6 ವಾರಕ್ಕೆ ಮಗುವಿಗೆ ಜ್ವರ, ಹೊಟ್ಟೆನೋವು, ಕೆಂಪುಕಣ್ಣು, ಮೈಮೇಲೆ ಗಂಧೆ ಬಂದರೆ ಎಂಐಎಸ್-ಸಿ (ಕೋವಿಡ್ ನಂತರ ಮಕ್ಕಳಲ್ಲಿ ಹಲವು ಅಂಗಗಳಿಗೆ ಬರುವ ಉರಿಯೂತ) ಶಂಕಿಸಿ. ಅಪೆಂಡಿಸೈಟಿಸ್ ಎಂದು ಆಪರೇಷನ್ ಟೇಬಲ್ ತಲುಪಿದ ಮಕ್ಕಳೂ ಇದ್ದಾರೆ. ಹೃದಯದ ಪರೀಕ್ಷೆಗಳಾದ ಟ್ರೊಪೊನಿನ್, ಎಕೊ ಮರೆಯಬೇಡಿ.

ನೀರು ತುಂಬಿಸುವುದು

ಶ್ವಾಸಕೋಶ ಮೊದಲೇ ಸೋತಿರುವಾಗ ಸಲೈನ್ ಸುರಿಯುವುದು ಅಪಾಯ. ಬಾಯಿಂದ ಕುಡಿಯಬಲ್ಲವರಿಗೆ ಒಆರ್‌ಎಸ್ ಮೇಲು. ಸೋಂಕಿನ ನಡುವೆಯೂ ಸೋಡಿಯಂ-ಗ್ಲೂಕೋಸ್ ಒಟ್ಟಿಗೆ ಹೀರುವ ದಾರಿ ಬಹುಮಟ್ಟಿಗೆ ತೆರೆದೇ ಇರುವುದರಿಂದ ಅದು ಕೆಲಸ ಮಾಡುತ್ತದೆ. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಒಟ್ಟು ಸಾಂದ್ರತೆ 245 ಮಿಲಿಆಸ್ಮೋಲ್. ತಪ್ಪುವುದು ಬೆರೆಸುವಾಗ: ಲೀಟರಿನ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ದ್ರಾವಣ ಗಾಢವಾಗಿ ಕರುಳು ನೀರನ್ನು ಹೊರಗೆಳೆದು ಭೇದಿ ಹೆಚ್ಚುತ್ತದೆ. 4 ಗ್ರಾಂ ಆಸುಪಾಸಿನ ಚಿಕ್ಕ ಪೊಟ್ಟಣ 200 ಮಿಲೀಗೆ. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಒಆರ್‌ಎಸ್ ಅಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲೀ, ದೊಡ್ಡ ಮಕ್ಕಳಿಗೆ 100ರಿಂದ 200. ಮಕ್ಕಳಿಗೆ ಸತುವಿನ ಮಾತ್ರೆ ದಿನಕ್ಕೆ 20 ಮಿಗ್ರಾಂ, 10ರಿಂದ 14 ದಿನ. ಆರು ತಿಂಗಳೊಳಗಿನವರಿಗೆ 10 ಮಿಗ್ರಾಂ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಹಾಗಾಗಿ ಅದು ಒಆರ್‌ಎಸ್ ಜಾಗ ತುಂಬದು, ಮೂತ್ರಪಿಂಡದ ರೋಗಿಗೆ ಬೇಡವೇ ಬೇಡ. ಗಂಜಿ, ಉಪ್ಪು ಹಾಕಿದ ಮಜ್ಜಿಗೆ ನಡೆಯುತ್ತದೆ. ಹಾಲು ಕುಡಿದೊಡನೆ ಹೊಟ್ಟೆ ಉಬ್ಬರಿಸಿದರೆ ದೊಡ್ಡವರಿಗೆ ಕೆಲದಿನ ಹಾಲು ನಿಲ್ಲಿಸಿ. ಎದೆಹಾಲು ಮಾತ್ರ ನಿಲ್ಲಿಸಬಾರದು. ಲೋಪೆರಮೈಡ್ ಚಿಕ್ಕ ಮಕ್ಕಳಿಗೂ, ಮಲದಲ್ಲಿ ರಕ್ತವಿರುವವರಿಗೂ ಕೊಡುವಂತಿಲ್ಲ.