ಕೆಳಗೆ ಬಿಸಿ, ಮೇಲೆ ತಂಪು

ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಬಿಸಿಯಾಗುತ್ತದೆ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ನೆಲದಿಂದ ನೂರು ಕಿಲೋಮೀಟರ್ ಮೇಲೆ ಹೋದರೆ ಅದೇ ಅನಿಲ ಗಾಳಿಯನ್ನು ತಣ್ಣಗೆ ಮಾಡುತ್ತದೆ!

ಇದನ್ನು 1989ರಲ್ಲೇ ಹೇಳಿದವರು ಅಮೆರಿಕದ ರೋಬಲ್ ಮತ್ತು ಡಿಕಿನ್ಸನ್. ಕಾರ್ಬನ್ ಡೈಆಕ್ಸೈಡ್, ಮೀಥೇನ್ ಎರಡೂ ದುಪ್ಪಟ್ಟಾದರೆ ಮೆಸೋಸ್ಫಿಯರ್ ಎಂಬ ಎತ್ತರದ ಗಾಳಿಯ ಪದರ ಸುಮಾರು 10 ಡಿಗ್ರಿ, ಅದರ ಮೇಲಿನ ಥರ್ಮೋಸ್ಫಿಯರ್ ಸುಮಾರು 50 ಡಿಗ್ರಿ ತಣ್ಣಗಾಗುತ್ತದೆ ಎಂದು ಅವರ ಕಂಪ್ಯೂಟರ್ ಲೆಕ್ಕ ಹೇಳಿತು.

ಕಾರಣ ಸರಳ. ಕೆಳಗೆ ಗಾಳಿ ದಟ್ಟ. ಒಂದು ಅಣು ಬಿಟ್ಟ ಶಾಖವನ್ನು ಪಕ್ಕದ್ದು ಹಿಡಿದುಕೊಳ್ಳುತ್ತದೆ. ಮೇಲೆ ಹಿಡಿಯುವವರೇ ಇಲ್ಲ. ಅಲ್ಲಿ ಆಕ್ಸಿಜನ್ ಪರಮಾಣುಗಳು ಬಂದು ಡಿಕ್ಕಿ ಹೊಡೆದಾಗ ಕಾರ್ಬನ್ ಡೈಆಕ್ಸೈಡ್ ಅವುಗಳ ಶಕ್ತಿಯನ್ನು ಪಡೆದು, ಇನ್‌ಫ್ರಾರೆಡ್ ಕಿರಣವಾಗಿ ಹೊರಗೆ ಬಿಡುತ್ತದೆ. ಅದರಲ್ಲಿ ದೊಡ್ಡ ಪಾಲು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಕುಗ್ಗಿ ಕೆಳಗಿಳಿಯುತ್ತದೆ.

ಲೆಕ್ಕವೇನೋ ಸರಿ, ಸಾಬೀತು ಮಾಡೋದು ಹೇಗೆ? ಬಲೂನು ಅಷ್ಟು ಎತ್ತರಕ್ಕೆ ಹೋಗಲ್ಲ. ಉಪಗ್ರಹ ಅಷ್ಟು ಕೆಳಗೆ ಹೆಚ್ಚು ದಿನ ಉಳಿಯಲ್ಲ. ಯಾರೂ ತಲೆಕೆಡಿಸಿಕೊಳ್ಳದ ಈ ಪದರಕ್ಕೆ ವಿಜ್ಞಾನಿಗಳೇ ತಮಾಷೆಗೆ 'ಇಗ್ನೋರೋಸ್ಫಿಯರ್' ಅಂತ ಹೆಸರಿಟ್ಟಿದ್ದರು. ಜೊತೆಗೆ ಸೂರ್ಯನ ಕಾಟ. ಅವನ ಸುಮಾರು 11 ವರ್ಷದ ಏರಿಳಿತಕ್ಕೆ ಥರ್ಮೋಸ್ಫಿಯರಿನ ಉಷ್ಣತೆ ನೂರಾರು ಡಿಗ್ರಿ ಆಚೀಚೆ ಆಗುತ್ತದೆ. ಅದರ ನಡುವೆ ನಿಧಾನದ ಬದಲಾವಣೆ ಹುಡುಕಲು ದಶಕಗಳ ದಾಖಲೆ ಬೇಕು.

ಅದು ಸಿಕ್ಕಿದ್ದು ಹಳೇ ಉಪಗ್ರಹಗಳ ಕಕ್ಷೆಯಲ್ಲಿ. ಗಾಳಿ ಉಜ್ಜುವುದರಿಂದ ಉಪಗ್ರಹ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ. ಎಷ್ಟು ಬೇಗ ಇಳಿಯಿತು ಅನ್ನೋದರಿಂದ ಗಾಳಿ ಎಷ್ಟು ದಟ್ಟವಿತ್ತು ಅಂತ ತಿಳಿಯುತ್ತದೆ. 1960ರ ದಶಕದಿಂದಲೂ ಬರೆದಿಟ್ಟ ಕಕ್ಷೆಗಳನ್ನು ಹೀಗೆ ಜಾಲಾಡಿದಾಗ, 400 ಕಿಲೋಮೀಟರ್ ಎತ್ತರದ ಗಾಳಿ ದಶಕಕ್ಕೆ ಶೇಕಡಾ 2ರಿಂದ 3ರಷ್ಟು ತೆಳುವಾಗುತ್ತಿದೆ ಎಂದು ಗೊತ್ತಾಯಿತು. ಬೇರೆ ಕೆಲಸಕ್ಕೆ ಬರೆದಿಟ್ಟ ಅಂಕಿಗಳು ಇಷ್ಟು ಕೆಲಸಕ್ಕೆ ಬಂದವು, ಮಜಾ ಅಲ್ವಾ? 2001ರಲ್ಲಿ ನಾಸಾ ಹಾರಿಸಿದ ಟೈಮ್ಡ್ ಉಪಗ್ರಹ ಮುಂದೆ ಈ ತಂಪನ್ನು ನೇರವಾಗಿಯೇ ಅಳೆಯಿತು.

ಗಾಳಿ ತೆಳುವಾದರೆ ಉಪಗ್ರಹಕ್ಕೆ ಒಳ್ಳೆಯದೇ, ಜಾಸ್ತಿ ದಿನ ಹಾರುತ್ತದೆ. ತೊಂದರೆ ಇರುವುದು ಕಸದಲ್ಲಿ. ಕೆಟ್ಟ ಉಪಗ್ರಹ, ರಾಕೆಟ್ ಚೂರುಗಳನ್ನು ಕೆಳಗೆಳೆದು ಸುಡುವ ಕೆಲಸವನ್ನು ಈ ಗಾಳಿ ಪುಕ್ಕಟೆಯಾಗಿ ಮಾಡುತ್ತಿತ್ತು. ಈಗ ಆ ಪೊರಕೆ ಸವೆಯುತ್ತಿದೆ. ಕೆಳ ಕಕ್ಷೆಯ ಉಪಗ್ರಹ ಕೆಲಸ ಮುಗಿದ 5 ವರ್ಷದೊಳಗೆ ಇಳಿಯಬೇಕು ಎಂದು ಅಮೆರಿಕ 2022ರಲ್ಲಿ ನಿಯಮ ಮಾಡಿತು. ಸುಮ್ನೆ ಬಿಟ್ಟರೆ ಗಾಳಿಯೇ ಇಳಿಸುತ್ತದೆ ಎಂದು ನಂಬಿರುವವರು ಇನ್ನು ಕಕ್ಷೆಯನ್ನು ಇನ್ನಷ್ಟು ಕೆಳಗಿಡಬೇಕು, ಇಲ್ಲವೇ ಇಳಿಸಲು ಇಂಧನ ಉಳಿಸಿಕೊಳ್ಳಬೇಕು.