ಡೇನ್‌ಟ್ರೀ ಮಳೆಕಾಡಲ್ಲಿ ಗೈಡ್ ಬೇಕಾ? ನಾವೇ ಸುತ್ತಾಡಿದರೆ ಸಾಲದಾ?

ಪ್ರಶ್ನೆ: "ಜುಲೈ ರಜೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಕೇರ್ನ್ಸ್‌ಗೆ ಹೋಗುತ್ತಿದ್ದೇವೆ. ಡೇನ್‌ಟ್ರೀ ಹತ್ತಿರ ಒಂದು ಮಳೆಕಾಡಿನ ಲಾಡ್ಜ್ ಬುಕ್ ಆಗಿದೆ. ಮೂಲನಿವಾಸಿಗಳ ಜೊತೆ ಕಾಡಿನ ನಡಿಗೆ ಅಂತ ಬೇರೆ ದುಡ್ಡು ಕೇಳುತ್ತಿದ್ದಾರೆ. ಕಾಡಿನೊಳಗಿನ ಹಲಗೆ ದಾರಿ (ಬೋರ್ಡ್‌ವಾಕ್) ಹೇಗೂ ಫ್ರೀ. ನಾವೇ ಸುತ್ತಾಡಿಕೊಂಡು ಬಂದರೆ ಸಾಲದಾ?"

ಸಾಲದು. ದುಡ್ಡು ಕೊಟ್ಟು ಹೋಗಿ.

ಪ್ರತಿ ವರ್ಷ ಜೂನ್ ಬಂತೆಂದರೆ ಈ ಪ್ರಶ್ನೆ ಬರುತ್ತದೆ. ಸಿಡ್ನಿಯವರು ಕೇಳುತ್ತಾರೆ, ಮೆಲ್ಬರ್ನ್‌ನವರು ಕೇಳುತ್ತಾರೆ, ಬೆಂಗಳೂರಿನಿಂದ ಬರುವವರೂ ಕೇಳುತ್ತಾರೆ. ಎಲ್ಲರಿಗೂ ಇದೇ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಈ ಸಲ ಕಾರಣವನ್ನೂ ಸೇರಿಸಿ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಚಟುವಟಿಕೆಗಳ ವಿಷಯ ಬೇಗ ಮುಗಿಸೋಣ. ಡೇನ್‌ಟ್ರೀ ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರದಲ್ಲಿ. ಅದು ಕುಕು ಯಲಂಜಿ ಅನ್ನುವ ಮೂಲನಿವಾಸಿ ಜನರ ನೆಲ. ಕೆಲವು ಲಾಡ್ಜ್‌ಗಳು ತಮ್ಮ ಆವರಣದಲ್ಲೇ ನಡಿಗೆ ಏರ್ಪಡಿಸುತ್ತವೆ, ಕೆಲವು ಹತ್ತಿರದ ಮಾಸ್‌ಮನ್ ಗಾರ್ಜ್ ಅನ್ನುವ ಕಣಿವೆಗೆ ಕಳಿಸುತ್ತವೆ. ಅಲ್ಲಿನ ನಡಿಗೆ ಸುಮಾರು ಒಂದೂವರೆ ಗಂಟೆ. ಶುರುವಿನಲ್ಲಿ ಹಸಿ ಎಲೆ ಹಾಕಿ ಹೊಗೆ ಎಬ್ಬಿಸಿ, ಅದರ ನಡುವೆ ನಿಮ್ಮನ್ನು ನಡೆಸಿ ಬರಮಾಡಿಕೊಳ್ಳುತ್ತಾರೆ. ಆಮೇಲೆ ನಿಧಾನವಾಗಿ ಕಾಡಿನೊಳಗೆ. ಎಲೆ ಉಜ್ಜಿ ನೊರೆ ಬರಿಸುವುದು, ಬಣ್ಣದ ಮಣ್ಣನ್ನು ಕಲ್ಲಿನ ಮೇಲೆ ತೇಯುವುದು, ಕೊನೆಗೆ ಟೀ ಮತ್ತು ಡ್ಯಾಂಪರ್ ರೊಟ್ಟಿ. ಕಡಲ ಕಡೆ ಹೋದರೆ ಕೂಯಾ ಬೀಚ್‌ನ ಕೆಸರಲ್ಲಿ ಈಟಿ ಹಿಡಿದು ಏಡಿ ಹುಡುಕಬಹುದು. ಅಪ್ಪ ಅಮ್ಮ ಮೆಲ್ಲಗೆ ನಡೆಯಬಲ್ಲವರಾದರೆ ಮಾಸ್‌ಮನ್ ನಡಿಗೆ ಕಷ್ಟವಲ್ಲ. ಹಳೆಯ ಶೂ ಇರಲಿ, ಚಪ್ಪಲಿ ಬೇಡ.

ಇನ್ನು ಮುಖ್ಯ ವಿಷಯ. ಈ ಪ್ರಶ್ನೆಯ ಅಡಿಯಲ್ಲಿ ಒಂದು ನಂಬಿಕೆ ಇದೆ. ಎಷ್ಟು ಹೇಳಿದರೂ ಅದು ಹೋಗುವುದಿಲ್ಲ. ಮಳೆಕಾಡು ಅಂದರೆ ಎಲ್ಲೆಲ್ಲೂ ಹಣ್ಣು ಹಂಪಲು, ಅಲ್ಲಿನ ಜನ ಕೈಗೆ ಸಿಕ್ಕಿದ್ದನ್ನು ಕಿತ್ತು ತಿಂದು ಆರಾಮಾಗಿ ಬದುಕಿಕೊಂಡಿದ್ದರು, ಅವರಿಂದ ತಿಳಿಯೋದು ಅಂದರೆ ಎರಡು ಗಿಡದ ಹೆಸರು ತಾನೇ, ಅನ್ನುವ ನಂಬಿಕೆ. ಓದಿದವರೂ ಹೀಗೇ ಮಾತಾಡುತ್ತಾರೆ. ಇದು ಶುದ್ಧ ಸುಳ್ಳು.

ಆ ಕಾಡಲ್ಲಿ ಹೊಟ್ಟೆ ತುಂಬುವಂಥ ದೊಡ್ಡ ಬೀಜಗಳಲ್ಲಿ ಎಷ್ಟೋ ವಿಷ. ಬ್ಲ್ಯಾಕ್ ಬೀನ್ ಮರವನ್ನೇ ತೆಗೆದುಕೊಳ್ಳಿ. ಬ್ರಿಸ್ಬೇನ್‌ನಲ್ಲಿ ಇರುವವರು ಅದನ್ನು ರಸ್ತೆ ಬದಿಯಲ್ಲೇ ನೋಡಿರುತ್ತೀರಿ, ಕೆಂಪು ಕೇಸರಿ ಹೂ ಬಿಡುವ ಮರ. ಅದರ ಕಾಯಿ ಗಟ್ಟಿ, ದಪ್ಪ, ಗೇಣುದ್ದ. ಒಡೆದರೆ ಒಳಗೆ ನುಣುಪಾದ ಕಂದು ಬೀಜಗಳು, ಒಂದೊಂದೂ ಹಿಡಿಯಲ್ಲಿ ತುಂಬುವಷ್ಟು. ನೋಡಿದರೆ ಬೇಯಿಸಿ ತಿನ್ನೋಣ ಅನ್ನಿಸುತ್ತದೆ. ಹಸಿಯಾಗಿ ತಿಂದರೆ ವಾಂತಿ, ಭೇದಿ. ಮೇಯಲು ಬಂದ ದನಗಳು ಅದನ್ನು ತಿಂದು ಸತ್ತದ್ದೂ ಉಂಟು.

ಅದೇ ಬೀಜ ಈ ಮಳೆಕಾಡಿನ ಜನರ ಮುಖ್ಯ ಆಹಾರಗಳಲ್ಲಿ ಒಂದಾಗಿತ್ತು. ಹೇಗೆ ಅಂತ ನೋಡಿ. ಮೊದಲು ನೆಲದ ಒಲೆಯಲ್ಲಿ ಬಿಸಿ ಕಲ್ಲಿನ ಜೊತೆ ಬೇಯಿಸಬೇಕು. ಬರೀ ಬೇಯಿಸಿದರೆ ವಿಷ ಹೋಗದು. ಆಮೇಲೆ ಬೀಜವನ್ನು ತೆಳ್ಳಗೆ ಹೆರೆಯಬೇಕು. ಅದಕ್ಕೆ ಬಸವನಹುಳುವಿನ ಚಿಪ್ಪು. ಚಿಪ್ಪಿನಲ್ಲಿ ಚೂಪಾದ ಅಂಚು ಮಾಡಿಕೊಂಡರೆ ಬೀಜ ಎಳೆ ಎಳೆಯಾಗಿ ಬರುತ್ತದೆ. ತೆಳ್ಳಗೇ ಯಾಕೆ? ದಪ್ಪ ಉಳಿದರೆ ನೀರು ಒಳಗೆ ಇಳಿಯುವುದಿಲ್ಲ, ವಿಷ ನಡುವಲ್ಲೇ ಉಳಿಯುತ್ತದೆ. ಹೆರೆದದ್ದನ್ನು ಹೆಣೆದ ಬುಟ್ಟಿಗೆ ತುಂಬಿ ಹರಿಯುವ ತೊರೆಯಲ್ಲಿ ಇಡಬೇಕು. ನಿಂತ ನೀರು ಆಗದು. ಹೀಗೆ ದಿನಗಟ್ಟಲೆ ತೊಳೆದ ಮೇಲೆ ಕುಟ್ಟಿ ಹಿಟ್ಟಿನ ಹಾಗೆ ಮಾಡಿ ತಿನ್ನಬೇಕು. ರುಚಿ ಅಂತ ಏನೂ ಉಳಿದಿರುವುದಿಲ್ಲ. ಹೊಟ್ಟೆ ಮಾತ್ರ ತುಂಬುತ್ತದೆ.

ಈ ಕೆಲಸ ಹೆಚ್ಚಾಗಿ ಹೆಂಗಸರದ್ದು. ಯಾವ ಬೀಜಕ್ಕೆ ಎಷ್ಟು ಬೇಯಿಸಬೇಕು, ಎಷ್ಟು ದಿನ ನೀರಲ್ಲಿಡಬೇಕು, ಎಲ್ಲವೂ ಬೇರೆ ಬೇರೆ. ಒಂದಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದದು. ಬರೆದಿಟ್ಟ ಪುಸ್ತಕ ಇಲ್ಲ. ಅಜ್ಜಿ ಮಾಡುವಾಗ ಮೊಮ್ಮಗಳು ಪಕ್ಕದಲ್ಲಿ ಕೂತು ಕಲಿತದ್ದು. ಒಂದು ಹಂತ ತಪ್ಪಿದರೆ ಇಡೀ ಮನೆ ಕಾಯಿಲೆ ಬೀಳುತ್ತದೆ. ಇದನ್ನು 'ಕಿತ್ತು ತಿನ್ನೋದು' ಅಂತ ಕರೆಯಬಹುದಾ, ನೀವೇ ಹೇಳಿ.

ಈ ಜ್ಞಾನ ಇಲ್ಲದವರಿಗೆ ಏನಾಯಿತು ಅನ್ನುವುದೂ ದಾಖಲಾಗಿದೆ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗು ಇಲ್ಲಿನ ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ರಿಪೇರಿಗೆ ಈಗಿನ ಕುಕ್‌ಟೌನ್‌ನಲ್ಲಿ ವಾರಗಟ್ಟಲೆ ನಿಂತರು. ಅದು ಕುಕು ಯಲಂಜಿಗಳ ನೆರೆಯವರಾದ ಗೂಗು ಯಿಮಿಥಿರ್ ಜನರ ನೆಲ. ಅಲ್ಲಿ ಒಲೆಗಳ ಪಕ್ಕ ಸೈಕಾಡ್ ಅನ್ನುವ, ತಾಳೆಯ ಹಾಗೆ ಕಾಣುವ ಗಿಡದ ಬೀಜದ ಸಿಪ್ಪೆ ಬಿದ್ದಿತ್ತು. ಅದೂ ಹಸಿಯಾಗಿ ವಿಷವೇ. ಇಲ್ಲಿನ ಜನ ತಿನ್ನುತ್ತಾರೆ ಅಂದ ಮೇಲೆ ನಾವೂ ತಿನ್ನಬಹುದು ಅಂತ ನಾವಿಕರು ತಿಂದರು. ವಾಂತಿ ಭೇದಿ ಹಿಡಿಯಿತು. ಹಡಗಿನ ಹಂದಿಗಳಿಗೂ ಹಾಕಿದರು, ಹಂದಿಗಳು ಸತ್ತವು. ಜೊತೆಗಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸಿಪ್ಪೆ ಅವರ ಕಣ್ಣಿಗೆ ಬಿತ್ತು. ಅದರ ಹಿಂದಿನ ಕೆಲಸ ಬೀಳಲಿಲ್ಲ.

ಇನ್ನೂ ಹತ್ತಿರದ್ದು ಬೇಕಾ? 1971ರಲ್ಲಿ ಡೇನ್‌ಟ್ರೀಯಲ್ಲಿ ದನಗಳು ಸತ್ತವು. ಹೊಟ್ಟೆಯಲ್ಲಿ ಸಿಕ್ಕ ಬೀಜ ಯಾವುದು ಅಂತ ಹುಡುಕಿದಾಗ, ವಿಜ್ಞಾನಿಗಳು ಬಹಳ ಕಾಲದಿಂದ ಕಾಣದೇ ಹೋಗಿದ್ದ ಒಂದು ಮರ ಮತ್ತೆ ಸಿಕ್ಕಿತು. ಇಡಿಯೊಸ್ಪರ್ಮಮ್ ಅಂತ ಅದರ ಹೆಸರು. ಹೂಬಿಡುವ ಗಿಡಗಳಲ್ಲೇ ತುಂಬಾ ಹಳೆಯ ಕುಲದ್ದು.

ಕಾಡಿನ ವಸ್ತುಗಳಿಗೂ ಇದೇ ಮಾತು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಅಂದಕೂಡಲೇ ನಮ್ಮವರ ಕಣ್ಣಿಗೆ ಮರುಭೂಮಿ, ಬೂಮರಾಂಗ್ ಬರುತ್ತದೆ. ಈ ದಟ್ಟ ಕಾಡಲ್ಲಿ ಬೂಮರಾಂಗ್ ಎಸೆಯಲು ಜಾಗ ಎಲ್ಲಿದೆ? ಈ ಸೀಮೆಯವರು ಆಲದ ಜಾತಿಯ ಮರಗಳ ಹಲಗೆಬೇರಿನಿಂದ ದೊಡ್ಡ ಗುರಾಣಿ ಕಡಿದರು. ಅವುಗಳ ತೊಗಟೆ ಬಡಿದು ಹೊದಿಕೆ ಮಾಡಿಕೊಂಡರು. ಲಾಯರ್ ಕೇನ್ ಅನ್ನುವ ಮುಳ್ಳುಬಳ್ಳಿಯಿಂದ ಎರಡು ಕೊಂಬಿನ ಬುಟ್ಟಿ ಹೆಣೆದರು. ಆ ಆಕಾರದ ಬುಟ್ಟಿ ಈ ಮಳೆಕಾಡಿನ ಸೀಮೆಯದೇ. ಅಂದ ಹಾಗೆ ಆ ಬಳ್ಳಿ ನಮ್ಮ ಪಶ್ಚಿಮ ಘಟ್ಟದ ಬೆತ್ತದ ಕುಲದ್ದೇ. ಅದರ ಕೊಕ್ಕೆ ಬಟ್ಟೆಗೆ ಹಿಡಿದರೆ ಎಳೆಯಬೇಡಿ, ಒಂದು ಹೆಜ್ಜೆ ಹಿಂದೆ ಹೋಗಿ ಬಿಡಿಸಿಕೊಳ್ಳಿ.

ಮುಟ್ಟಲೇಬಾರದ ಒಂದು ಗಿಡವೂ ಇದೆ, ಜಿಂಪಿ ಜಿಂಪಿ. ಹೃದಯದಾಕಾರದ ಎಲೆ, ಮೇಲೆ ಮೃದುವಾದ ರೋಮ ಇದ್ದ ಹಾಗೆ ಕಾಣುತ್ತದೆ. ಅದು ಗಾಜಿನಂಥ ಸಣ್ಣ ಮುಳ್ಳು. ಚುಚ್ಚಿದರೆ ನೋವು ತಿಂಗಳುಗಟ್ಟಲೆ ಮರುಕಳಿಸಬಹುದು. ಅದರಲ್ಲಿರುವ ವಿಷ ಕೆಲವು ಜೇಡ, ಚೇಳು, ಶಂಖದ ಹುಳಗಳ ವಿಷವನ್ನು ಹೋಲುತ್ತದೆ ಅಂತ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2020ರಲ್ಲಿ ಕಂಡುಕೊಂಡರು. ಬಿಸಿಲು ಬೀಳುವ ಅಂಚುಗಳಲ್ಲೇ, ದಾರಿ ಪಕ್ಕದಲ್ಲೇ ಅದು ಜಾಸ್ತಿ. ಮಕ್ಕಳ ಕೈ ಹಿಡಿದುಕೊಳ್ಳಿ.

"ಆದರೂ ಅದು ಪ್ರವಾಸಿಗಳಿಗೆ ಅಂತ ಮಾಡುವ ಶೋ ಅಲ್ವಾ?" ಅಂತ ಇನ್ನೊಂದು ಮಾತು ಬರುತ್ತದೆ. ಅವರು ತಮ್ಮದೇ ನೆಲದಲ್ಲಿ ನಿಂತು ತಮ್ಮ ಮನೆಯ ವಿಷಯ ಹೇಳುತ್ತಿದ್ದಾರೆ. 2007ರಲ್ಲಿ ಈಸ್ಟರ್ನ್ ಕುಕು ಯಲಂಜಿಗಳಿಗೆ ಈ ನೆಲದ ಮೇಲಿರುವ ಹಕ್ಕನ್ನು ನ್ಯಾಯಾಲಯ ಒಪ್ಪಿತು. 2021ರ ಸೆಪ್ಟೆಂಬರ್‌ನಲ್ಲಿ ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನ ಸೇರಿ 1,60,000 ಹೆಕ್ಟೇರ್‌ಗೂ ಹೆಚ್ಚು ನೆಲ ಅವರ ಒಡೆತನಕ್ಕೆ ಮರಳಿತು. ಈಗ ಸರ್ಕಾರದ ಜೊತೆ ಸೇರಿ ಅವರೇ ನೋಡಿಕೊಳ್ಳುತ್ತಾರೆ. ಹಾಗಾಗಿ ಬುಕ್ ಮಾಡುವಾಗ ಒಂದೇ ಒಂದು ವಿಷಯ ವಿಚಾರಿಸಿ: ನಡೆಸುವವರು ಕುಕು ಯಲಂಜಿಗಳೇನಾ? ಹೌದು ಅಂದರೆ ಮಾತ್ರ ಹಣ ಕಟ್ಟಿ. ಕೆಲವು ಜಾಗ ಹೆಂಗಸರಿಗೆ ಮಾತ್ರ, ಕೆಲವು ಗಂಡಸರಿಗೆ ಮಾತ್ರ. ಬೇಡ ಅಂದ ಕಡೆ ಹೋಗಬೇಡಿ, ಫೋಟೊ ಕೇಳಿ ತೆಗೆಯಿರಿ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಬೇಕಿತ್ತು: ಯಾವ ಕಾಲದಲ್ಲಿ ಹೋಗಬೇಕು? ಪ್ರವಾಸದವರು ಒಣಗಾಲ, ಮಳೆಗಾಲ ಅಂತ ಎರಡೇ ಹೇಳುತ್ತಾರೆ. ಕುಕು ಯಲಂಜಿಗಳ ಲೆಕ್ಕದಲ್ಲಿ ಐದು ಕಾಲ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕಾಬಾ, ದೊಡ್ಡ ಮಳೆ. ಏಪ್ರಿಲ್, ಮೇ ತಿಂಗಳ ಹಗುರ ಮಳೆಗೆ ಕಾಬಾಕಾಬಾಡಾ. ಜೂನ್‌ನಿಂದ ಸೆಪ್ಟೆಂಬರ್ ಬುಲುರಿಜಿ, ಚಳಿ. ಆಮೇಲೆ ಸೆಕೆಯ ವುಂಗಾರಿಜಿ. ಕೊನೆಗೆ ನವೆಂಬರ್ ಕೊನೆಯ ಹೊತ್ತಿಗೆ ಗುಡುಗು ಬಿರುಗಾಳಿಯ ಜರ್ರಮಲಿ. ನಮ್ಮ ರೈತರು ಮೃಗಶಿರ, ಆರಿದ್ರೆ ಅಂತ ಒಂದೊಂದು ಮಳೆಗೂ ಹೆಸರಿಟ್ಟು ಬಿತ್ತನೆ ಮಾಡುವುದಿಲ್ಲವೇ, ಹಾಗೆಯೇ ಇವರಿಗೂ ಒಂದೊಂದು ಕಾಲಕ್ಕೆ ಒಂದೊಂದು ಕೆಲಸ ಇದೆ. ಗೈಡ್‌ಗೆ "ಈಗ ಯಾವ ಕಾಲ, ಈಗ ಏನು ಸಿಗುತ್ತದೆ?" ಅಂತ ಕೇಳಿ ನೋಡಿ. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ನೀವು ಜುಲೈನಲ್ಲಿ ಹೋಗುವುದರಿಂದ ಬುಲುರಿಜಿ. ಮಳೆ ಕಮ್ಮಿ, ರಾತ್ರಿಗೆ ಅಪ್ಪ ಅಮ್ಮನಿಗೆ ಸ್ವೆಟರ್ ಇಟ್ಟುಕೊಳ್ಳಿ. ಶಾಲೆ ರಜೆಯಾದ್ದರಿಂದ ನಡಿಗೆಯ ಜಾಗ ಬೇಗ ತುಂಬುತ್ತದೆ, ಈಗಲೇ ಬುಕ್ ಮಾಡಿ. ಡಿಸೆಂಬರ್ ರಜೆಗೆ ಯೋಚಿಸುತ್ತಿರುವವರು ಜರ್ರಮಲಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತ ಬಂದು, ಹಿಂದೆಯೇ ಸುರಿದ ಮಳೆಗೆ ಪ್ರವಾಹ ಎದ್ದಾಗ ಡೇನ್‌ಟ್ರೀಗೆ ಉತ್ತರದಲ್ಲಿರುವ ವುಜಾಲ್ ವುಜಾಲ್ ಊರಿನ ಜನರನ್ನು ಹೆಲಿಕಾಪ್ಟರ್‌ನಲ್ಲಿ ಹೊರಗೆ ತರಬೇಕಾಯಿತು. ಡೇನ್‌ಟ್ರೀ ನದಿ ದಾಟಿ ಕೇಪ್ ಟ್ರಿಬ್ಯುಲೇಷನ್ ಕಡೆ ಹೋಗಲು ಸೇತುವೆ ಇಲ್ಲ, ಇರುವುದು ಫೆರಿ ಮಾತ್ರ. ಮಳೆಗಾಲದಲ್ಲಿ ಹೊರಡುವ ದಿನ ಬೆಳಿಗ್ಗೆ ಅದು ಓಡುತ್ತಿದೆಯಾ ಅಂತ ಲಾಡ್ಜ್‌ಗೆ ಫೋನ್ ಮಾಡಿ ವಿಚಾರಿಸಿಕೊಂಡೇ ಕಾರು ಹತ್ತಿ.