ಒಸಡಿನ ಕೆಲಸ ಇನ್ನೂ ಬಾಕಿ ಇದೆ

"ಮತ್ತೆ ಕೊಯ್ಯಬೇಕಾ?" ಅಂತ ಅಮ್ಮ ಕೇಳಿದರು. ಕೆಳಗಿನ ದವಡೆಹಲ್ಲು ಕೀಳಿಸಿದ ಜಾಗದಲ್ಲಿ ಇಂಪ್ಲಾಂಟ್ ಕೂರಿಸಿ ಮೂರೂವರೆ ತಿಂಗಳಾಗಿತ್ತು. ಇನ್ನೇನು ಹಲ್ಲು ಬಂದೇಬಿಡುತ್ತದೆ ಎಂದುಕೊಂಡಿದ್ದರು. ಅದಕ್ಕೂ ಮುಂಚೆ ಅಬಟ್‌ಮೆಂಟಿಗಾಗಿ ಒಂದು ಸಣ್ಣ ಶಸ್ತ್ರಚಿಕಿತ್ಸೆ ಇದೆ ಎಂದು ಡಾಕ್ಟರು ಹೇಳಿದಾಗ ಅವರ ಮುಖ ಬಾಡಿತು. ಏನಾಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಅವರು ಅಷ್ಟು ಹೆದರುತ್ತಿರಲಿಲ್ಲ.

ಕಟ್ಟಿಸಿಕೊಳ್ಳುವ ಹಲ್ಲಿಗೆ ಮೂರು ಭಾಗ. ಮೂಳೆಯೊಳಗೆ ಟೈಟಾನಿಯಂ ತಿರುಪು, ಅದೇ ಇಂಪ್ಲಾಂಟ್. ಮೇಲೆ ಕಾಣುವುದು ಹಲ್ಲಿನಾಕಾರದ ಕ್ರೌನ್. ಇವೆರಡನ್ನೂ ಜೋಡಿಸಲು ಒಸಡನ್ನು ಹಾದು ನಿಲ್ಲುವ ಕುತ್ತಿಗೆಯೇ ಅಬಟ್‌ಮೆಂಟ್.

ಎಲ್ಲವನ್ನೂ ಒಂದೇ ದಿನ ಯಾಕೆ ಮುಗಿಸುವುದಿಲ್ಲ? 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲೆಂದು ಟೈಟಾನಿಯಂ ಸಾಧನವೊಂದನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಬರಲಿಲ್ಲ, ಮೂಳೆ ಲೋಹಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಅವರ ಮೊದಲ ರೋಗಿಯ ಬಾಯಿಗೆ ಇಂಪ್ಲಾಂಟ್ ಹೋಯಿತು. 2006ರಲ್ಲಿ ಆತ ತೀರಿಕೊಳ್ಳುವವರೆಗೂ ಅದು ಕೆಲಸ ಮಾಡಿತು. ಆದರೆ ಬೆಸುಗೆಗೆ ನೆಮ್ಮದಿ ಬೇಕು. ಜಗಿಯುವ ಒತ್ತಡಕ್ಕೆ ತಿರುಪು ಅಲುಗುತ್ತಲೇ ಇದ್ದರೆ ಸುತ್ತ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆದುಬಿಡುತ್ತದೆ. ಅದಕ್ಕೇ ಒಸಡಿನಡಿ ಹೂತು, ಕೆಳದವಡೆಯಾದರೆ ಸುಮಾರು ಮೂರು ತಿಂಗಳು, ಮೂಳೆ ಮೆತ್ತಗಿರುವ ಮೇಲ್ದವಡೆಯಾದರೆ ಆರು ತಿಂಗಳವರೆಗೂ ಬಿಡುವ ಪದ್ಧತಿ ಬಂತು. ಮೂಳೆ ಗಟ್ಟಿಯಿದ್ದವರಿಗೆ ಈಗ ಮೊದಲ ದಿನವೇ ಹೀಲಿಂಗ್ ಕ್ಯಾಪ್ ಎಂಬ ತಾತ್ಕಾಲಿಕ ಅಬಟ್‌ಮೆಂಟ್ ಹಾಕುವುದೂ ಇದೆ. ಅವರಿಗೆ ಈ ಎರಡನೇ ಸರದಿ ಬೇಕಾಗುವುದಿಲ್ಲ.

ಎರಡನೇ ಸರದಿಯ ದಿನ ಮಾಡುವ ಕೆಲಸ ಚಿಕ್ಕದು. ಎಕ್ಸ್‌ರೇ ನೋಡಿ, ಒಸಡಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಇಂಪ್ಲಾಂಟಿನ ತಲೆಯ ಮೇಲೆ ಒಸಡನ್ನು ಸ್ವಲ್ಪ ಸೀಳುತ್ತಾರೆ, ಇಲ್ಲವೇ ದುಂಡಗೆ ಕತ್ತರಿಸುತ್ತಾರೆ. ಮುಚ್ಚಿದ್ದ ಪುಟ್ಟ ತಿರುಪನ್ನು ಬಿಚ್ಚಿ, ಅಲ್ಲಿಗೆ ಹೀಲಿಂಗ್ ಕ್ಯಾಪನ್ನು ತಿರುಗಿಸಿ ಕೂರಿಸುತ್ತಾರೆ. ಬೇಕಿದ್ದರೆ ಒಂದೆರಡು ಹೊಲಿಗೆ. ಒಂದೇ ಇಂಪ್ಲಾಂಟಾದರೆ ಅರ್ಧ ಗಂಟೆಯೊಳಗೆ ಮುಗಿಯುವುದೇ ಹೆಚ್ಚು. ಮೂಳೆಗೆ ಡ್ರಿಲ್ ಇಲ್ಲದ್ದರಿಂದ ಮೊದಲ ಸಲದಷ್ಟು ನೋವಿಲ್ಲ. ಕ್ಯಾಪ್ ಬಿಗಿಯುವಾಗ ಒತ್ತಿದಂತಾಗುತ್ತದೆ, ಸುತ್ತಲ ಒಸಡು ಕೆಲವು ನಿಮಿಷ ಬೆಳ್ಳಗಾಗುತ್ತದೆ. ರಕ್ತ ಮರಳಿದಂತೆ ಬಣ್ಣವೂ ಮರಳುತ್ತದೆ. ಕ್ಯಾಪಿನ ಜೊತೆ ಇಂಪ್ಲಾಂಟೇ ತಿರುಗತೊಡಗಿದರೆ ಮಾತ್ರ ಬೆಸುಗೆ ಆಗಿಲ್ಲವೆಂದು ಅರ್ಥ. ಆಗ ಮುಂದುವರಿಯದಿರುವುದೇ ಸರಿ.

ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಸೂಕ್ಷ್ಮವಾದ ಹಂತ ಶುರುವಾಗುವುದು ಇದಾದ ಮೇಲೆ. ತಾರಸಿ ತೂತು ಮಾಡಿ ಪೈಪು ತೆಗೆದ ಕಡೆಯೇ ಮಳೆಗಾಲದಲ್ಲಿ ಸೋರುವುದು ಎಲ್ಲರಿಗೂ ಗೊತ್ತು. ಬಾಯಿಯೂ ಹಾಗೆಯೇ. ಹುಟ್ಟುಹಲ್ಲಿಗೆ ಒಸಡಿನ ನಾರುಗಳು ಬೇರಿನ ಮೇಲ್ಪದರದೊಳಕ್ಕೇ ನಾಟಿಕೊಂಡು ಬಿಗಿಯಾಗಿ ಹಿಡಿದಿರುತ್ತವೆ. ಟೈಟಾನಿಯಂಗೆ ಆ ಮೇಲ್ಪದರವಿಲ್ಲ. ನಾರುಗಳು ಅದರೊಳಕ್ಕೆ ನಾಟದೆ, ಬಳೆಯಂತೆ ಸುತ್ತಿಕೊಂಡು ಅಪ್ಪಿ ನಿಲ್ಲುತ್ತವೆ. ಹಾಗಾಗಿ ಹಲ್ಲಿಗಿಂತ ಇಲ್ಲಿ ಬಾಗಿಲು ಸಡಿಲ. ಬ್ಯಾಕ್ಟೀರಿಯಾ ಇಳಿದರೆ ಉರಿಯೂತ ಬೇಗ ಮೂಳೆಗೆ ತಲುಪುತ್ತದೆ. ಇಂಪ್ಲಾಂಟುಗಳು ವರ್ಷಗಳ ನಂತರ ಸೋಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಹೀಲಿಂಗ್ ಕ್ಯಾಪಿನ ಸುತ್ತ ಒಸಡು ಬಳೆಗಟ್ಟಿ ಮಾಗಲು ಎರಡರಿಂದ ಆರು ವಾರ ಹಿಡಿಯುತ್ತದೆ. ಗಟ್ಟಿ ಒಸಡು ಕಡಿಮೆಯಿದ್ದರೆ ಅಂಗುಳಿನಿಂದ ತುಸು ಅಂಗಾಂಶ ತಂದು ಕಸಿ ಮಾಡುವುದೂ ಉಂಟು. ಮುಂದಿನ ಹಲ್ಲಾದರೆ ನಕ್ಕಾಗ ಒಸಡಿನ ಅಂಚು ಹೇಗೆ ಕಾಣಬೇಕೆಂಬುದು ಈ ವಾರಗಳಲ್ಲೇ ತೀರ್ಮಾನವಾಗುತ್ತದೆ.

ಮೊದಲ ಒಂದೆರಡು ದಿನ ತುಸು ಊತ, ನೋವು, ಉಗುಳಿನಲ್ಲಿ ರಕ್ತದ ಎಳೆ ಸಹಜ. ಮೊಸರನ್ನ, ಇಡ್ಲಿ, ತಣ್ಣಗಿನ ರಾಗಿ ಅಂಬಲಿ ಸಾಕು. ಚಕ್ಕುಲಿ, ನಿಪ್ಪಟ್ಟು ಕಾಯಲಿ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲಗೆ ಬಾಯಿ ಮುಕ್ಕಳಿಸಬಹುದು. ಮುಟ್ಟಿದರೆ ಏನಾಗುತ್ತದೋ ಎಂದು ಅಮ್ಮ ಆ ಕಡೆ ಬ್ರಷ್ಷನ್ನೇ ತರುತ್ತಿರಲಿಲ್ಲ. ಅದು ತಪ್ಪು. ಡಾಕ್ಟರು ಹೇಳಿದ ದಿನದಿಂದ ಮೆತ್ತನೆಯ ಬ್ರಷ್ಷಿನಲ್ಲಿ ಕ್ಯಾಪನ್ನು ಉಜ್ಜಲೇಬೇಕು. ಬೀಡಿ, ಸಿಗರೇಟು, ಗುಟ್ಕಾ, ಎಲೆ-ಅಡಿಕೆ ಬೇಡವೇ ಬೇಡ. ನಮ್ಮಲ್ಲಿ ಊಟವಾದ ಮೇಲೆ ಕವಳ ಹಾಕುವವರು ಬಹಳ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಅಥವಾ ಮೂಳೆ ಸವೆತದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಕ್ಯಾಪ್ ಸಡಿಲಾದರೆ ಅಥವಾ ಕಳಚಿ ಬಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅದನ್ನು ಎತ್ತಿಟ್ಟುಕೊಂಡು ಆದಷ್ಟು ಬೇಗ ಹೋಗಿ. ಒಸಡು ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಮತ್ತೆ ಕೊಯ್ಯಬೇಕಾದೀತು. ಊತ ಮೂರು ದಿನದ ಮೇಲೂ ಏರುತ್ತಿದ್ದರೆ, ಕೀವು, ಜ್ವರ ಬಂದರೆ ಆಗಲೂ ತಡ ಮಾಡಬಾರದು.

ಒಸಡು ಮಾಗಿದ ಮೇಲೆ ಅಳತೆ ತೆಗೆದು, ಟೈಟಾನಿಯಂ ಇಲ್ಲವೇ ಜಿರ್ಕೋನಿಯಾದ ಕಾಯಂ ಅಬಟ್‌ಮೆಂಟನ್ನು ಕೂರಿಸಿ, ಎಷ್ಟು ಬಿಗಿಯಾಯಿತೆಂದು ತೋರಿಸುವ ವಿಶೇಷ ಸ್ಪ್ಯಾನರಿನಿಂದ ಬಿಗಿಯುತ್ತಾರೆ. ಮೇಲೆ ಕ್ರೌನ್ ಬರುತ್ತದೆ. ಜಗಿಯುವಾಗ ಮಾತ್ರ ಒಂದು ವ್ಯತ್ಯಾಸ ಕಾಣುತ್ತದೆ. ಹುಟ್ಟುಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೂ ತಟ್ಟನೆ ತಿಳಿಸುವುದು ಅದೇ. ಇಂಪ್ಲಾಂಟಿಗೆ ಆ ಪದರವಿಲ್ಲ, ಆದ್ದರಿಂದ ಎಷ್ಟು ಜೋರಾಗಿ ಕಚ್ಚುತ್ತಿದ್ದೇವೆಂಬ ಅರಿವು ಮಂದ.

ನಾಲ್ಕನೇ ವಾರ ಅಮ್ಮನ ಕ್ಯಾಪ್ ಬಿಚ್ಚಿ ಡಾಕ್ಟರು ಕನ್ನಡಿ ಹಿಡಿದರು. ತಿಳಿಗುಲಾಬಿ ಒಸಡು ಪುಟ್ಟ ಬಾವಿಯಂತೆ ದುಂಡಗೆ ಮಾಗಿತ್ತು, ತಳದಲ್ಲಿ ಲೋಹ ಹೊಳೆಯುತ್ತಿತ್ತು, ರಕ್ತದ ಸುಳಿವಿರಲಿಲ್ಲ. ಅಮ್ಮ ಕನ್ನಡಿಯನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ನೋಡಿದರು.